ಇಲ್ಲಿಗೆ ಈ ಬದಿ ಮುಗಿಯಿತು

ಅಂಗಿಯ ತೋಳಿಗೆ ಗುಂಡಿ ಕೂರಿಸಿ, ದಾರವನ್ನು ಅದರ ಬುಡಕ್ಕೆ ಸುತ್ತುತ್ತಿದ್ದಳು ಇನ್‌ಸ್ಪೆಕ್ಟರ್. ಕತ್ತರಿ ಕೈಗೆ ಸಿಗಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಾಗಲೇ ಹೆಡ್ ಕಾನ್‌ಸ್ಟೇಬಲ್ ಬಾಗಿಲು ತಳ್ಳಿಕೊಂಡು ಬಂದ. ಠಾಣೆಯಲ್ಲಿ ಅವನಿಗೆ ರೇಡಿಯೊ ಎಂದೇ ಹೆಸರು. ಬೆಳಿಗ್ಗೆ ಶುರುವಾದರೆ ಕರೆಂಟು ಹೋದರೂ ನಿಲ್ಲದ ಬಾಯಿ ಅವನದು.

"ಮೇಡಂ, ವಿಚಿತ್ರ ಕೇಸು. ಒಬ್ರು ಹೆಂಗಸು ಬಂದಿದಾರೆ. ಅವರ ನಂಬರ್ ಕಳುವಾಗಿದೆಯಂತೆ."

ಅವಳು ದಾರ ಕಡಿದಳು. "ಫೋನ್ ನಂಬರಾ, ಗಾಡಿ ನಂಬರಾ?"

"ಎರಡೂ ಅಲ್ಲ. ಇನ್ನೂ ಅವರ ಕೈಗೇ ಬಂದಿಲ್ಲದ ನಂಬರ್."

"ಕೈಗೆ ಬರದೇ ಇದ್ದಿದ್ದು ಕಳುವಾಗೋದು ಹೇಗ್ರೀ?"

"ಅದಕ್ಕೇ ವಿಚಿತ್ರ ಅಂದಿದ್ದು."

ಸೋಮವಾರ, ಬೆಳಿಗ್ಗೆ ಹತ್ತೂವರೆ. ಬಂದಾಕೆಗೆ ನಲವತ್ತರ ಆಸುಪಾಸು. ಬಿಳಿ ಕೋಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಕುರ್ಚಿಯ ಅಂಚಿನಲ್ಲಿ ನೇರವಾಗಿ ಕುಳಿತಳು. ಹುಟ್ಟಿನಿಂದ ಕಣ್ಣು ಕಾಣದು. ಅಂಧರಿಗಾಗಿ ಪುಸ್ತಕಗಳನ್ನು ಓದಿಸಿ, ಧ್ವನಿಮುದ್ರಿಸಿ ಕೊಡುವ ಗ್ರಂಥಾಲಯವೊಂದರ ಕಾರ್ಯದರ್ಶಿ. ಮಾತು ಚುರುಕು, ಒಂದೊಂದು ಪದವೂ ಈಗಷ್ಟೇ ಒರೆಸಿಟ್ಟ ಹಾಗೆ.

"ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕ್ಬೇಕು ಅಂದ್ರೆ ಮೊದಲು ಸಂಸ್ಥೆಗೆ ಒಂದು ಗುರುತಿನ ಸಂಖ್ಯೆ ತೊಗೋಬೇಕು ಮೇಡಂ. ಮನುಷ್ಯರಿಗೆ ಗುರುತಿನ ಚೀಟಿ ಇರತ್ತಲ್ಲ, ಹಾಗೆ. ಒಂದು ಸಂಸ್ಥೆಗೆ ಒಂದೇ ಸಂಖ್ಯೆ. ಅದಿಲ್ದೆ ಅರ್ಜಿಯ ಮೊದಲನೇ ಪುಟಾನೂ ದಾಟೋಕಾಗಲ್ಲ. ಹೋದ ವಾರ ಕೇಳಿದ್ರೆ, ನಿಮ್ಮ ಸಂಸ್ಥೆಗೆ ಆಗಲೇ ಕೊಟ್ಟಾಗಿದೆ ಅಂದ್ರು."

"ಯಾರಿಗೆ ಕೊಟ್ಟಿದಾರಂತೆ?"

"ನಾನೂ ಅದನ್ನೇ ಕೇಳಿದೆ. ಅದನ್ನ ಸಂಸ್ಥೆಗೆ ಮಾತ್ರ ಹೇಳ್ತೀವಿ ಅಂದ್ರು. ನಾನೇ ಸಂಸ್ಥೆ ಅಂದೆ. ಹಾಗಾದ್ರೆ ನಿಮ್ಮ ಸಂಖ್ಯೆ ಹೇಳಿ ಅಂದ್ರು."

ಇನ್‌ಸ್ಪೆಕ್ಟರ್‌ಗೆ ನಗು ತಡೆಯಲಾಗಲಿಲ್ಲ. ತಕ್ಷಣ ನಾಲಿಗೆ ಕಚ್ಚಿಕೊಂಡಳು.

"ನಗಿ, ಪರವಾಗಿಲ್ಲ. ಮೊದಲನೇ ದಿನ ನಾನೂ ನಕ್ಕೆ," ಎಂದಳು ಆಕೆ. "ಆದ್ರೆ ಶುಕ್ರವಾರ ಸಂಜೆ ಐದಕ್ಕೆ ಅರ್ಜಿ ಮುಚ್ಚತ್ತೆ. ನಮ್ಮ ಧ್ವನಿಮುದ್ರಣ ಯಂತ್ರ ಈಗಲೋ ಆಗಲೋ ಅಂತಿದೆ. ಪುಸ್ತಕ ಓದಿ ಮುದ್ರಿಸಿ ಕೊಡೋ ಓದುಗರು ವಯಸ್ಸಾದೋರು. ಪರೀಕ್ಷೆ ಹತ್ರ ಬಂದಿರೋ ಮಕ್ಕಳಿಗೆ ಅರ್ಧ ಪುಸ್ತಕ ಕೊಟ್ಟು ಕೂರಿಸಿದೀನಿ. ಈ ಅನುದಾನ ತಪ್ಪಿದ್ರೆ ಬಾಗಿಲು ಹಾಕೋದೇ."

"ಯಾರ ಮೇಲಾದ್ರೂ ಅನುಮಾನ?"

"ಕಣ್ಣು ಕಾಣದೋರ ಪುಸ್ತಕಕ್ಕೆ ಕಣ್ಣು ಹಾಕೋರು ಯಾರು ಮೇಡಂ?"

ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಬೇರೊಬ್ಬರಂತೆ ನಟಿಸಿ ಸರ್ಕಾರಿ ದಾಖಲೆ ಪಡೆದ ಆರೋಪ, ಆರೋಪಿ ಅಪರಿಚಿತ. ರೇಡಿಯೊ ಅದನ್ನು ಓದಿ ಹೇಳಿದ. ಆಕೆ ಹೆಬ್ಬೆರಳು ಒತ್ತಲು ಒಪ್ಪದೆ, ಸಹಿಯ ಜಾಗಕ್ಕೆ ಅಳತೆಪಟ್ಟಿ ಇಡಿಸಿಕೊಂಡು ಅದರ ಅಂಚಿಗೆ ತನ್ನ ಹೆಸರು ಬರೆದಳು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮತ್ತು ರೇಡಿಯೊ ಸಂಖ್ಯೆ ಕೊಡುವ ಕಚೇರಿಗೆ ಹೋದರು. ಮೂರನೆಯ ಮಹಡಿ. ಉದ್ದನೆಯ ಕೋಣೆ, ಒಂದೇ ಬಣ್ಣದ ಮೇಜುಗಳು, ಪ್ರತಿ ಮೇಜಿನ ಮೇಲೂ ಗಂಟಲು ಕಟ್ಟಿದರೆ ಚೀಪುವ ಮಾತ್ರೆಯ ಡಬ್ಬಿ. ಇಡೀ ದಿನ ಫೋನಿನಲ್ಲಿ ಮಾತಾಡುವವರ ಕಚೇರಿಯದು. ಅಧಿಕಾರಿ ಪೊಲೀಸ್ ಪತ್ರವನ್ನು ಎರಡು ಸಲ ಓದಿದ.

"ಇದು ಗೋಪ್ಯ ಮಾಹಿತಿ ಮೇಡಂ. ಸಂಸ್ಥೆಯವರು ಬಿಟ್ಟು..."

"ಸಂಸ್ಥೆಯವರು ಯಾರು ಅನ್ನೋದೇ ಕೇಸು ಕಣ್ರೀ."

ಅವನು ಕಂಪ್ಯೂಟರ್ ತಿರುಗಿಸಿ ತೋರಿಸಿದ. ಸಂಖ್ಯೆ ಪಡೆದು ಮೂರು ವಾರವಾಗಿತ್ತು. ಹೊಣೆಗಾರರ ಹೆಸರಿನ ಮುಂದೆ ದೂರು ಕೊಟ್ಟ ಕಾರ್ಯದರ್ಶಿಯದೇ ಹೆಸರು. ಫೋನ್ ಸಂಖ್ಯೆ ಗ್ರಂಥಾಲಯದ ಸ್ಟುಡಿಯೊದ್ದು. ನೋಂದಣಿ ಪತ್ರದ ವಿವರ ಅಕ್ಷರಶಃ ಸರಿ.

"ಅಂದ್ರೆ ಕಳ್ಳ ಬೀಗ ಒಡೆದಿಲ್ಲ. ಮನೆ ಕೀನೇ ಹಾಕಿ ತೆಗೆದಿದಾನೆ," ಎಂದ ರೇಡಿಯೊ.

"ಸಂಖ್ಯೆ ಕೊಡೋ ಮುಂಚೆ, ಅವರೇ ಬರೆದುಕೊಟ್ಟ ಹೊತ್ತಿಗೆ ನಾವು ಫೋನ್ ಮಾಡಿ ಖಚಿತ ಮಾಡ್ಕೋತೀವಿ," ಎಂದ ಅಧಿಕಾರಿ. "ಆ ಕರೆ ರೆಕಾರ್ಡ್ ಆಗಿರತ್ತೆ."

ಕರೆ ಮೂರು ವಾರದ ಹಿಂದೆ, ಒಂದು ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆಗಿತ್ತು. ಗುಮಾಸ್ತೆಯ ದನಿ ನೋಂದಣಿ ಸಂಖ್ಯೆ ಕೇಳುತ್ತಿತ್ತು. ಇನ್ನೊಂದು ಹೆಣ್ಣುದನಿ ಹೇಳಿತು: "ನಾಲ್ಕು, ಸೊನ್ನೆ, ಏಳು." ನಡುವೆ ಒಂದು ಉಸಿರಿನಷ್ಟು ಬಿಡುವು. "ಒಂದು, ಒಂದು, ಸೊನ್ನೆ." ಆಮೇಲೆ ವಿಳಾಸ, ಸ್ಥಾಪನೆಯಾದ ವರ್ಷ, ಉದ್ದೇಶ. ತಡವರಿಕೆ ಇಲ್ಲ, ಗಾಬರಿ ಇಲ್ಲ.

"ಅಷ್ಟೇನಾ ಮೇಡಂ?" ಗುಮಾಸ್ತೆ ಕೇಳಿದಳು.

"ಅಷ್ಟೇ. ಇಲ್ಲಿಗೆ ಈ ಬದಿ ಮುಗಿಯಿತು."

"ಏನಂದ್ರಿ?"

"ಏನಿಲ್ಲ. ಆಯ್ತು, ಇಡ್ತೀನಿ."

ರೇಡಿಯೊ ಕಣ್ಣರಳಿಸಿದ್ದ. "ಮೇಡಂ, ಇದು ಅವರದೇ ಧ್ವನಿ! ಬೆಳಿಗ್ಗೆ ನಮ್ಮೆದುರಿಗೆ ಕೂತಿದ್ದೋರು. ತಾನೇ ತೊಗೊಂಡು ತಾನೇ ದೂರು ಕೊಟ್ಟಿದಾರೆ."

"ಯಾಕೆ?"

ರೇಡಿಯೊ ಕರೆಯನ್ನು ಇನ್ನೊಮ್ಮೆ ಹಾಕಿಸಿದ.

ಮರುದಿನ ಮಂಗಳವಾರ ಬೆಳಿಗ್ಗೆ ಇಬ್ಬರೂ ಗ್ರಂಥಾಲಯಕ್ಕೆ ಹೋದರು. ಹಳೆಯ ಕಟ್ಟಡದ ನೆಲಮಹಡಿ. ಗೋಡೆಗಳುದ್ದಕ್ಕೂ ನಡುವಿನೆತ್ತರದಲ್ಲಿ ಒಂದು ಹಗ್ಗ, ಕೈ ಸವರಿ ಸವರಿ ನುಣುಪಾಗಿತ್ತು. ಸ್ಟುಡಿಯೊದ ಹೊರಗೆ ಓದುಗರು ಸರದಿಗಾಗಿ ಕಾಯುವ ಚಿಕ್ಕ ಕೋಣೆ. ಅಲ್ಲೊಂದು ಬೆಂಚು, ಸ್ಟೂಲಿನ ಮೇಲೆ ಸ್ಟುಡಿಯೊದ ಫೋನು, ಎದುರು ಗೋಡೆಯಲ್ಲಿ ಕಟ್ಟು ಹಾಕಿಸಿದ ನೋಂದಣಿ ಪತ್ರ. ಬೆಂಚಿನಲ್ಲಿ ಕುಳಿತು ನೋಡಿದಳು ಇನ್‌ಸ್ಪೆಕ್ಟರ್. ಕತ್ತೆತ್ತಿದರೆ ಬೇರೆ ನೋಡಲು ಏನೂ ಇಲ್ಲ. ವರ್ಷಗಟ್ಟಲೆ ಇಲ್ಲಿ ಕುಳಿತವರಿಗೆ ಆ ಪತ್ರ ಬಾಯಿಪಾಠವಾಗದಿದ್ದರೇ ಆಶ್ಚರ್ಯ. ಇಬ್ಬರು ನೆರೆಯವರನ್ನು ಕರೆಸಿ ರೇಡಿಯೊ ಪಂಚನಾಮೆ ಬರೆದ.

ಕಾರ್ಯದರ್ಶಿಗೆ ಕರೆಯನ್ನು ಕೇಳಿಸಿದರು. ಆಕೆ ತಲೆ ತುಸು ವಾಲಿಸಿ ಕೇಳಿದಳು. ಮೇಜಿನ ಮೇಲೆ ತಾಳ ಹಾಕುತ್ತಿದ್ದ ಬೆರಳುಗಳು ಒಂದು ಕಡೆ ನಿಂತುಬಿಟ್ಟವು.

"ನನ್ನ ಧ್ವನಿ ಥರಾನೇ ಇದೆ, ಅಲ್ವಾ?"

"ನಿಮ್ಮದೇನಾ?"

"ಆ ಗುರುವಾರ ನಾನು ದವಡೆ ಹಲ್ಲು ಕೀಳಿಸ್ಕೊಂಡು ಮಲಗಿದ್ದೆ. ಅಮ್ಮ ಅನ್ನೋಕೂ ಬಾಯಿ ಬರ್ತಿರಲಿಲ್ಲ. ಡಾಕ್ಟ್ರನ್ನ ಕೇಳಿ." ಆಮೇಲೆ ಮೆಲ್ಲಗೆ, "ಕೊನೆಯದು ಇನ್ನೊಂದು ಸಲ ಹಾಕ್ತೀರಾ?" ಎಂದಳು.

ಹಾಕಿದರು. ಇಲ್ಲಿಗೆ ಈ ಬದಿ ಮುಗಿಯಿತು.

"ಯಾರು?"

"ಗೊತ್ತಿಲ್ಲ."

"ದಿನವಿಡೀ ಧ್ವನಿ ಕೇಳೋ ಕೆಲಸ ನಿಮ್ಮದು."

"ಕಣ್ಣು ಕಾಣದೋರಿಗೆಲ್ಲ ಕಿವಿ ಹದ್ದಿನ ಕಣ್ಣಿದ್ದ ಹಾಗೆ ಅಂತ ಎಲ್ರೂ ಅಂದ್ಕೋತಾರೆ ಮೇಡಂ. ನನಗೆ ನೆಗಡಿ."

ಹೇಳಿಕೆಯಲ್ಲಿ ಹಾಗೆಯೇ ಬರೆದುಕೊಂಡರು: ಸದರಿ ಧ್ವನಿಯ ಪರಿಚಯ ತನಗಿಲ್ಲ. ಆಕೆಯ ಮೂಗಿನಲ್ಲಿ ನೆಗಡಿಯ ಸುಳಿವೂ ಇರಲಿಲ್ಲ. ಇಡೀ ಕರೆಯಲ್ಲಿ ತನ್ನನ್ನೇ ಹೋಲುವ ದನಿ ಕೇಳಿದವಳು, ಮತ್ತೆ ಹಾಕಿಸಿಕೊಂಡಿದ್ದು ಆ ಒಂದು ವಾಕ್ಯವನ್ನು ಮಾತ್ರ. ಇನ್‌ಸ್ಪೆಕ್ಟರ್ ಅದನ್ನು ತಲೆಯಲ್ಲಿಟ್ಟುಕೊಂಡೇ ಸ್ಟುಡಿಯೊದ ಒಳಗೆ ಹೋದಳು.

ಅಲ್ಲಿ ಧ್ವನಿಮುದ್ರಣ ಮಾಡುವವನು ಅರವತ್ತು ದಾಟಿದ ಆಸಾಮಿ. ಎಲ್ಲರಿಗೂ ಮೈಕ್ ಮಾಮ.

"ಬದಿ ಮುಗಿಯಿತು ಅಂದ್ರೆ ಏನು ಮಾಮ?"

ಅವನು ನಕ್ಕುಬಿಟ್ಟ. "ಕ್ಯಾಸೆಟ್ ಕಾಲದ ಮಾತು. ಕೇಳ್ತಿರೋರಿಗೆ ಒಂದು ಬದಿ ಮುಗೀತು, ತಿರುಗಿಸಿ ಹಾಕ್ಕೊಳ್ಳಿ ಅಂತ ಗೊತ್ತಾಗ್ಬೇಕಲ್ಲ. ಇಲ್ಲಾಂದ್ರೆ ಪಾಪ, ಖಾಲಿ ಸದ್ದು ಕೇಳ್ತಾ ಕೂತಿರ್ತಿದ್ರು. ಈಗೆಲ್ಲಿ ಬದಿ? ಕಂಪ್ಯೂಟರಿಗೆ ಬದೀನೂ ಇಲ್ಲ, ಬೆನ್ನೂ ಇಲ್ಲ."

"ಈಗ್ಲೂ ಹಾಗೆ ಹೇಳೋರು ಯಾರಾದ್ರೂ ಇದಾರಾ?"

"ಒಬ್ರೇ. ನಮ್ಮ ಕ್ಯಾಸೆಟ್ ಅಕ್ಕ. ಎಷ್ಟು ಹೇಳಿದ್ರೂ ಬಾಯಿಂದ ಬಂದ್ಬಿಡತ್ತೆ. ಆಮೇಲೆ ನಾನು ಕತ್ತರಿಸಿ ಎಸೀತೀನಿ." ಅವನ ದನಿಯಲ್ಲಿ ಹೆಮ್ಮೆ ಉಕ್ಕಿತು. "ಇಪ್ಪತ್ತೆರಡು ವರ್ಷದಿಂದ ಓದ್ತಿದಾರೆ. ಅತ್ತೆ ಬಂದ್ರೆ ಅತ್ತೆ, ಸೊಸೆ ಬಂದ್ರೆ ಸೊಸೆ, ಅಜ್ಜ ಬಂದ್ರೆ ಕೆಮ್ಮಿನ ಸಮೇತ ಅಜ್ಜ! ನಮ್ಮ ಕಾರ್ಯದರ್ಶಿ ಅಮ್ಮನ್ನ ಅವರೆದುರಿಗೇ ಅಣಕಿಸಿ ನಗಿಸ್ತಾರೆ ಅಂದ್ರೆ ನೋಡಿ. ಆಯಮ್ಮ ಕಾಲೇಜಿನಲ್ಲಿ ಓದಿ ಪಾಸಾಗಿದ್ದೇ ಅಕ್ಕನ ಧ್ವನೀಲಿ."

ಒಂದು ಕ್ಷಣ ತಡೆದು ಅವನೇ ಕೇಳಿದ, "ಯಾಕೆ ಮೇಡಂ?"

"ಗುರುವಾರ ಬೆಳಿಗ್ಗೆ ಯಾರ ಸರದಿ?"

ಮಾಮನ ಮುಖದ ನಗು ಅಲ್ಲೇ ಆರಿತು. "ಅಕ್ಕಂದೇ," ಎಂದ.

ಬುಧವಾರ ಬೆಳಿಗ್ಗೆ ಹತ್ತು ಗಂಟೆ. ಎರಡನೆಯ ಮಹಡಿಯ ಮನೆ. ಹಜಾರದಲ್ಲಿ ಟಿವಿ ಜೋರಾಗಿತ್ತು. ಬಾಗಿಲು ತೆಗೆದ ಗಂಡ, ನಿವೃತ್ತ ವಿಮಾ ಅಧಿಕಾರಿ, ಇನ್‌ಸ್ಪೆಕ್ಟರ್‌ಗೆ ಸೋಫಾ ತೋರಿಸಿ ತಾನು ಆರಾಮಕುರ್ಚಿಯಲ್ಲಿ ಕುಳಿತ. ಮಹಿಳಾ ಕಾನ್‌ಸ್ಟೇಬಲ್ ಬಾಗಿಲ ಬಳಿ ನಿಂತಳು. ಕ್ಯಾಸೆಟ್ ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಐವತ್ತೆಂಟು ವಯಸ್ಸು, ಸಣ್ಣ ದೇಹ, ಬೇರೆ ಯಾರೋ ಬಿಟ್ಟುಹೋದ ಹಾಗಿದ್ದ ದೊಡ್ಡ ಕನ್ನಡಕ.

"ಗ್ರಂಥಾಲಯಕ್ಕೆ ಎಷ್ಟು ವರ್ಷದಿಂದ ಹೋಗ್ತಿದೀರಿ?"

"ಇಪ್ಪತ್ತು ವರ್ಷ ಆಗಿರ್ಬೇಕು," ಎಂದ ಗಂಡ.

ಇಪ್ಪತ್ತೆರಡು, ಎಂದುಕೊಂಡಳು ಇನ್‌ಸ್ಪೆಕ್ಟರ್. "ಗುರುವಾರ ಅಲ್ಲೇ ಇದ್ರಾ?"

"ಗುರುವಾರ ಹೋಗ್ತಾಳೆ. ಟೈಂಪಾಸು. ಮನೇಲಿ ಕೂತು ಏನ್ಮಾಡ್ತಾಳೆ ಹೇಳಿ."

"ಕಂಪ್ಯೂಟರ್ ಬಳಸೋಕೆ ಬರತ್ತಾ?"

"ಇವಳಿಗಾ!" ಗಂಡ ಹೊಟ್ಟೆ ಕುಲುಕಿಸಿ ನಕ್ಕ. "ರಿಮೋಟ್ ಹಿಡಿಯೋಕೆ ಬರಲ್ಲ."

ಇಷ್ಟು ವರ್ಷಗಳ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಇಂಥ ಎಷ್ಟೋ ಹಜಾರಗಳನ್ನು ನೋಡಿದ್ದಳು. ಪ್ರಶ್ನೆ ಒಬ್ಬರಿಗೆ, ಉತ್ತರ ಇನ್ನೊಬ್ಬರದು. ಗಂಡನನ್ನು ಹೊರಗೆ ಕಳಿಸುವ ದಾರಿಯನ್ನು ಅವಳು ಹುಡುಕುತ್ತಿದ್ದಾಗ ಅಕ್ಕ ಹೊಸ್ತಿಲು ದಾಟಿ ಬಂದರು. ಟಿವಿಯ ಮುಂದೆ ನಿಂತು, ರಿಮೋಟ್ ಎತ್ತಿಕೊಂಡು, ಆರಿಸಿದರು.

"ಸ್ವಲ್ಪ ಸುಮ್ನಿರಿ ನೀವು. ಅವರು ನನ್ನನ್ನ ಕೇಳ್ತಿದಾರೆ."

ಗಂಡ ಕುರ್ಚಿಯಿಂದ ಅರ್ಧ ಎದ್ದ. ಅಷ್ಟರಲ್ಲಿ ಕೆಳಗಿನಿಂದ ಹತ್ತಿ ಬಂದ ರೇಡಿಯೊ, "ಸಾರ್, ನಿಮ್ಮ ವಿಮೆ ಬಗ್ಗೆ ನನಗೊಂದು ದೊಡ್ಡ ಅನುಮಾನ ಇದೆ," ಎಂದು ಅವನ ತೋಳು ಹಿಡಿದು ಬಾಲ್ಕನಿಗೆ ಕರೆದೊಯ್ದ. ಇನ್ನು ಅರ್ಧ ಗಂಟೆ ಆ ಕಡೆಯ ಚಿಂತೆಯಿರಲಿಲ್ಲ.

"ಆ ಸಂಖ್ಯೆ ತೊಗೊಂಡಿದ್ದು ನೀವೇನಾ?"

"ನಾನೇ."

"ಕಂಪ್ಯೂಟರ್?"

"ಬೀದಿ ಕೊನೇಲಿ ವಾಚನಾಲಯ ಇದೆ. ಅಲ್ಲಿ ಕೂತು ಮಾಡಿದೆ. ಎರಡು ಬೆಳಿಗ್ಗೆ ಹಿಡೀತು. ಕಷ್ಟ ಏನಿಲ್ಲ ಮೇಡಂ, ಅದರಲ್ಲಿ ಏನು ಬರೆದಿದಾರೋ ಅದನ್ನ ಸರಿಯಾಗಿ ಓದ್ಬೇಕು ಅಷ್ಟೇ. ಓದೋದು ನನಗೆ ಬರತ್ತೆ."

"ಫೋನಲ್ಲಿ ಅವರ ಧ್ವನಿ ಮಾಡಿದ್ರಿ."

"ಮಾಡಿದೆ." ಅಪರಾಧ ಒಪ್ಪಿಕೊಳ್ಳುವ ಹೊತ್ತಿನಲ್ಲೂ ಅಕ್ಕನ ಕಣ್ಣಿನಲ್ಲಿ ಒಂದು ಸಣ್ಣ ಮಿಂಚು ಹಾದುಹೋಯಿತು. "ಸರಿಯಾಗಿತ್ತಾ?"

"ನಮ್ಮ ಹೆಡ್ ಕಾನ್‌ಸ್ಟೇಬಲ್ ಅವರನ್ನೇ ಹಿಡ್ಕೊಂಡು ಬರೋಣ ಅಂದ. ಕೊನೇಲಿ ಸಿಕ್ಕಿಬಿದ್ರಿ. ಬದಿ ಮುಗಿಯಿತು ಅಂದ್ರಿ."

ಅಕ್ಕ ಕನ್ನಡಕ ತೆಗೆದರು. "ಅಂದೆನಾ?" ಎಂದು ತಮ್ಮನ್ನೇ ಕೇಳಿಕೊಂಡರು. "ಅಯ್ಯೋ. ಗೊತ್ತೇ ಆಗಲಿಲ್ಲ."

"ಯಾಕೆ ಮಾಡಿದ್ರಿ ಅಕ್ಕ? ನಿಮಗೆ ಅದರಿಂದ ಏನು ಸಿಗತ್ತೆ?"

"ಸಿಗೋದೇನಿಲ್ಲ. ಒಂದು ಸಂಸ್ಥೆಗೆ ಒಂದೇ ಸಂಖ್ಯೆ ಅಂತ ಅರ್ಜೀಲಿ ಬರೆದಿತ್ತು. ಅದು ನನ್ನ ಹತ್ರ ಇದ್ರೆ ಅರ್ಜಿ ಹೋಗಲ್ಲ ಅಲ್ವಾ, ಅದಕ್ಕೆ."

"ಅರ್ಜಿ ನೀವು ಯಾವಾಗ ನೋಡಿದ್ರಿ?"

ಅಕ್ಕ ಉತ್ತರಿಸಲು ತುಸು ಹೊತ್ತು ತೆಗೆದುಕೊಂಡರು. ಮಾತು ಹುಡುಕುತ್ತಿರಲಿಲ್ಲ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ನೋಡುತ್ತಿದ್ದ ಹಾಗಿತ್ತು.

"ನಮ್ಮ ಸಮಿತೀಲಿ ಹೆಚ್ಚಿನೋರಿಗೆ ಕಣ್ಣು ಕಾಣಲ್ಲ ಮೇಡಂ. ಅವರಿಗೆ ಯಾವ ಕಾಗದ ಹೋಗ್ಬೇಕಾದ್ರೂ ಓದಿ ಮುದ್ರಿಸಿ ಕಳಿಸ್ಬೇಕು. ಈ ಅನುದಾನಕ್ಕೆ ಕಾರ್ಯದರ್ಶಿ ಬರೆಸಿದ್ದ ಅರ್ಜಿಯ ಕರಡೂ ಹಾಗೇ ಬಂತು. ಉದ್ದ ಇದೆ, ತಪ್ಪಿಲ್ಲದೆ ಓದೋರು ಬೇಕು, ಅಕ್ಕನಿಗೇ ಕೊಡಿ ಅಂದ್ರಂತೆ. ನನ್ನ ಕೈಗೇ ಬಂತು."

ಅಕ್ಕ ಬೆನ್ನು ನೇರ ಮಾಡಿ ಕುಳಿತರು. ದನಿ ಬದಲಾಯಿತು. ಹಜಾರದಲ್ಲಿ ಇದ್ದಕ್ಕಿದ್ದಂತೆ ಬೇರೊಬ್ಬರು ಬಂದು ಕುಳಿತ ಹಾಗೆ, ತುಂಬಿದ, ಯಾವ ಕಡೆಗೂ ವಾಲದ ದನಿ.

"'ಓದುಗರ ಸೇವೆಯನ್ನು ಹಂತಹಂತವಾಗಿ ನಿಲ್ಲಿಸಲಾಗುವುದು. ಮುಂದೆ ಪುಸ್ತಕಗಳನ್ನು ಯಂತ್ರವೇ ಓದುವುದು. ಹಿರಿಯ ಓದುಗರೊಬ್ಬರ ಧ್ವನಿಮುದ್ರಣಗಳು ಸಂಸ್ಥೆಯಲ್ಲಿ ಹೇರಳವಾಗಿದ್ದು, ಅವರ ಧ್ವನಿಯನ್ನೇ ಯಂತ್ರಕ್ಕೆ ಕಲಿಸಲಾಗುವುದು.'"

ಬಾಲ್ಕನಿಯಲ್ಲಿ ರೇಡಿಯೊ ಕೂಡ ಮಾತು ನಿಲ್ಲಿಸಿದ್ದ.

"ಅದನ್ನ ಪೂರ್ತಿ ಓದಿದ್ರಾ?"

"ಓದದೇ? ಒಂದಕ್ಷರ ತಪ್ಪಿಲ್ಲ. ಮಾಮ ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದ. ಅವನ ಕಿವಿಗೆ ಧ್ವನಿ ಏರಿತಾ ಇಳೀತಾ ಅಷ್ಟೇ. ಕಾರ್ಯದರ್ಶಿಗೂ ಹೊಳೀಲಿಲ್ಲ. ನನಗವಳ ಮೇಲೆ ಸಿಟ್ಟಿಲ್ಲ ಮೇಡಂ. ಮಕ್ಕಳಿಗೆ ಪುಸ್ತಕ ಬೇಕು, ಯಂತ್ರಕ್ಕೆ ಗಂಟಲು ಕಟ್ಟಲ್ಲ, ಎಲ್ಲ ಸರಿ. ಆದ್ರೆ ಓದೋರಿಗೂ ಅದು ಕೇಳಿಸತ್ತೆ ಅಂತ ಯಾರಿಗೂ ಅನ್ನಿಸಲಿಲ್ಲ." ಅಕ್ಕನ ದನಿ ಮತ್ತೆ ಮನೆಯ ದನಿಯಾಗಿತ್ತು. "ಯಾರೂ ನನ್ನನ್ನ ಕೇಳಲಿಲ್ಲ."

ಬರೆದುಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ಕೈಲಿದ್ದ ಪೆನ್ನು ಅಲ್ಲಿ ನಿಂತಿತು. ಒಪ್ಪಿಗೆ ಕೇಳಲಿಲ್ಲ ಎಂದೋ, ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೋ? ಬೇರೆ ಸಾಕ್ಷಿಯಾಗಿದ್ದರೆ ಸ್ಪಷ್ಟಪಡಿಸಿ ಎನ್ನುತ್ತಿದ್ದಳು. ದಿನಕ್ಕೆ ನೂರು ಪ್ರಶ್ನೆ ಕೇಳಿ ಸಂಬಳ ತೆಗೆದುಕೊಳ್ಳುವವಳು ತಾನು. ಮನೆಗೆ ಹೋದರೆ ತನ್ನನ್ನು ಯಾರಾದರೂ ಕೇಳುವುದು ಒಂದೇ, ಅಡುಗೆ ಏನು ಅಂತ. ಅವಳು ಅಕ್ಕ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಳು.

"ಠಾಣೆಗೆ ಬರ್ಬೇಕಾಗತ್ತೆ ಅಕ್ಕ."

"ಗೊತ್ತು. ಸೀರೆ ಬದಲಾಯಿಸ್ಬಹುದಾ?"

ಹನ್ನೊಂದೂವರೆಗೆ ಬಂಧನದ ಟಿಪ್ಪಣಿ ಬರೆದಾಯಿತು. ಗಂಡ ಬಾಲ್ಕನಿಯಿಂದ ಓಡಿ ಬಂದ. "ಇವಳನ್ನಾ? ಏನೋ ತಪ್ಪು ತಿಳ್ಕೊಂಡಿದೀರಿ. ಇವಳ ಕೈಲಿ ಅದೆಲ್ಲ ಆಗಲ್ಲ ಮೇಡಂ!"

"ಆಗತ್ತೆ," ಎಂದರು ಅಕ್ಕ. ಚಪ್ಪಲಿ ಮೆಟ್ಟುತ್ತಾ, "ಒಲೆ ಮೇಲೆ ಹಾಲಿದೆ. ಉಕ್ಕೋದ್ರೊಳಗೆ ಆರಿಸಿ," ಎಂದರು. ಒಲೆ ಆರುವುದು ಯಾವ ಕಡೆಗೆ ತಿರುಗಿಸಿದರೆ ಎಂದು ಅವನು ರೇಡಿಯೊನನ್ನು ಕೇಳುತ್ತಿದ್ದದ್ದು ಮೆಟ್ಟಿಲಿನವರೆಗೂ ಕೇಳಿಸಿತು.

ಅಂದು ಸಂಜೆಯೇ ಅಕ್ಕನಿಗೆ ಜಾಮೀನು ಸಿಕ್ಕಿತು. ಗುರುವಾರ ಪೊಲೀಸ್ ವರದಿ ಸಂಖ್ಯೆಯ ಕಚೇರಿಗೆ ಹೋಯಿತು. ಅಲ್ಲಿಯ ಅಧಿಕಾರಿ ದಾಖಲೆಯ ಫೋನನ್ನೂ ಗುಪ್ತಪದವನ್ನೂ ಬದಲಿಸಿದ. ಹೆಸರು ಬದಲಿಸುವ ಅಗತ್ಯ ಬೀಳಲಿಲ್ಲ. ಮೊದಲಿನಿಂದಲೂ ಅದು ಸರಿಯಾಗಿಯೇ ಇತ್ತು. ಅದೇ ಅವನಿಗೆ ದೊಡ್ಡ ತಲೆನೋವಾಗಿ, ಏನನ್ನು ತಿದ್ದಿದೆ ಎಂದು ಬರೆಯಲಿ ಎಂದು ಎರಡು ಸಲ ಫೋನ್ ಮಾಡಿದ.

ಶುಕ್ರವಾರ ಮಧ್ಯಾಹ್ನ ಕಾರ್ಯದರ್ಶಿ ಠಾಣೆಗೆ ಬಂದಳು. ಅರ್ಜಿ ಹೋಗಿತ್ತು. ಖುಷಿಯಾಗಬೇಕಿದ್ದ ಮುಖ ಹಾಗಿರಲಿಲ್ಲ.

"ದೂರು ವಾಪಸ್ ತೊಗೋಬಹುದಾ ಮೇಡಂ?"

"ಆಗಲ್ಲಮ್ಮ. ಸರ್ಕಾರಿ ದಾಖಲೆ ವಿಷಯ. ಇನ್ನು ನ್ಯಾಯಾಲಯ ಉಂಟು, ಅವರು ಉಂಟು."

"ಅಂದ್ಕೊಂಡೆ." ಆಕೆ ಕೋಲಿನ ಮಡಿಕೆಗಳನ್ನು ಬಿಚ್ಚಿ, ಮತ್ತೆ ಮಡಚಿದಳು. "ಅರ್ಜೀಲಿ ಆ ಸಾಲಿಗೆ 'ಅವರ ಒಪ್ಪಿಗೆ ಪಡೆದು' ಅಂತ ಸೇರಿಸಿದೀನಿ. ಕಳಿಸಿದ ಮೇಲೆ ಕೂತು ಯೋಚನೆ ಮಾಡ್ತಿದೀನಿ, ಯಾವ ಮುಖ ಹೊತ್ಕೊಂಡು ಹೋಗಿ ಒಪ್ಪಿಗೆ ಕೇಳಲಿ? ಜೈಲಿಗೆ ಹಾಕಿಸಿದೋಳೇ ನಾನು."

"ಒಂದೇ ಮಧ್ಯಾಹ್ನ ಇದ್ದಿದ್ದು."

"ಒಂದೇ ಮಧ್ಯಾಹ್ನ," ಎಂದು ಆಕೆ ಒಪ್ಪಿಕೊಂಡಳು. ಅದರಿಂದ ಸಮಾಧಾನವಾದ ಹಾಗೆ ಕಾಣಲಿಲ್ಲ.

ರೇಡಿಯೊ ಕಡತ ತಂದು ಮೇಜಿನ ಮೇಲಿಟ್ಟ. ಬಗ್ಗಿ, ತನ್ನ ಮಟ್ಟಿಗೆ ಪಿಸುಮಾತಿನಲ್ಲಿ, ಅಂದರೆ ಎಲ್ಲರಿಗೂ ಕೇಳುವ ಹಾಗೆ, ಹೇಳಿದ: "ಮೇಡಂ, ಮಂಗಳವಾರದ ಹೇಳಿಕೆ. ಧ್ವನಿ ಪರಿಚಯ ಇಲ್ಲ ಅಂದಿದಾರೆ. ಪೂರಕ ಹೇಳಿಕೆ ತೊಗೊಂಡುಬಿಡೋಣ್ವಾ? ಅವತ್ತು ಗೊತ್ತಿತ್ತಾ ಇಲ್ವಾ ಅಂತ ಒಂದು ಪ್ರಶ್ನೆ."

ಕಾರ್ಯದರ್ಶಿಯ ಕೈ ಕೋಲಿನ ಮೇಲೆ ನಿಂತಿತು. ಮುಖವನ್ನು ಆಕೆ ತಿರುಗಿಸಲಿಲ್ಲ. ಪ್ರಶ್ನೆ ಬಂದರೆ ಸುಳ್ಳು ಹೇಳುವುದಿಲ್ಲ ಎಂಬುದು ಆ ಕೂತ ಭಂಗಿಯಲ್ಲೇ ಇತ್ತು. ಒಬ್ಬಳ ದನಿಯನ್ನು ಹಿಡಿದುಕೊಂಡೇ ಲೋಕಕ್ಕೆ ಬಂದವಳು, ಆ ದನಿಯನ್ನು ಅರಿಯೆ ಎಂದು ಒಮ್ಮೆ ಹೇಳಿ, ಶುಕ್ರವಾರದ ಗಡುವು ತಪ್ಪಿದರೂ ಸರಿಯೆಂದು ತನ್ನ ಗ್ರಂಥಾಲಯವನ್ನೇ ಪಣಕ್ಕಿಟ್ಟಿದ್ದಳು.

ಇನ್‌ಸ್ಪೆಕ್ಟರ್ ಹೇಳಿಕೆಯ ಹಾಳೆಯನ್ನು ನೋಡಿದಳು. ಕರೆಯ ಮುದ್ರಣವಿತ್ತು, ಮಾಮನ ಸಾಕ್ಷ್ಯವಿತ್ತು, ವಾಚನಾಲಯದ ಕಂಪ್ಯೂಟರ್ ದಾಖಲೆಯಿತ್ತು. ಈ ಪ್ರಶ್ನೆಯಿಲ್ಲದೆಯೂ ಕೇಸು ನಿಲ್ಲುತ್ತಿತ್ತು.

"ಆ ಫೋನ್ ಕಂಪನಿ ಪತ್ರ ಬಂತೇನ್ರೀ, ನೋಡ್ಕೊಂಡು ಬನ್ನಿ," ಎಂದಳು ರೇಡಿಯೊಗೆ.

"ಯಾವ ಪತ್ರ ಮೇಡಂ?"

"ಬಂದಿದ್ರೆ ಗೊತ್ತಾಗತ್ತೆ. ಹೋಗಿ."

ಅವನು ಹೋದ. 

"ನನ್ನನ್ನ ಇನ್ನೇನಾದ್ರೂ ಕೇಳೋದಿದೆಯಾ ಮೇಡಂ?" ಎಂದಳು ಕಾರ್ಯದರ್ಶಿ.

ಇನ್‌ಸ್ಪೆಕ್ಟರ್ ಹಾಳೆಯನ್ನು ಕಡತದೊಳಗೆ ಅದರ ಜಾಗದಲ್ಲಿಟ್ಟು, ದಾರ ಕಟ್ಟಿದಳು.

"ಇಲ್ಲಮ್ಮ," ಎಂದಳು.